ಅಹಮದಾಬಾದ್‌ನಲ್ಲಿ ಆಟೋದವನು ‘ಮಿಲ್ ಸೀರೆ’ ಅಂತ ಹೇಳಿದರೆ ಇಳಿದುಬಿಡಿ

ಕಾಲುಪುರ ರೈಲ್ವೆ ಸ್ಟೇಷನ್ ಹೊರಗೆ ಬೆಳಿಗ್ಗೆ ಏಳಕ್ಕೆ ಆಟೋದವನೊಬ್ಬ ಫೋಟೋ ಕಾರ್ಡು ಹಿಡಿದು ಬಂದ. 12 ಜಾಗ, 400 ರೂಪಾಯಿ. ನಾನು, ಅಮ್ಮ ಹಳೇ ಊರನ್ನು ನಡೆಸಿಕೊಂಡು ತೋರಿಸುವ ಪಾಲಿಕೆಯ ಹೆರಿಟೇಜ್ ವಾಕ್‌ಗೆ ಹೊರಟಿದ್ದೆವು. ಅದು ಹತ್ತಿರದ ಸ್ವಾಮಿನಾರಾಯಣ ದೇವಸ್ಥಾನದಿಂದಲೇ ಶುರುವಾಗುತ್ತದೆ. “ಇವತ್ತು ಅದು ಇಲ್ಲ, ರಜೆ” ಅಂದ. ನಂಬಿ ಹತ್ತಿದೆವು.

ಈ ಊರು ನೋಡಬೇಕು ಅನ್ನೋದು ಅಮ್ಮನ ಬಹಳ ವರ್ಷದ ಆಸೆ. ಅಜ್ಜ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಮಿಲ್ ಅಂದ್ರೆ ಅಹಮದಾಬಾದ್ ಅಂತ ಹೇಳುತ್ತಿದ್ದರಂತೆ. 1861ರಲ್ಲಿ ರಣಛೋಡಲಾಲ್ ಛೋಟಾಲಾಲ್ ಇಲ್ಲಿ ಮೊದಲ ಬಟ್ಟೆ ಮಿಲ್ ನಡೆಸಿದರು. ಕಾರ್ಮಿಕರ ಕೂಲಿ ಹೋರಾಟದಲ್ಲಿ, 1918ರಲ್ಲಿ, ಗಾಂಧೀಜಿ ಉಪವಾಸ ಕೂತದ್ದೂ ಇಲ್ಲೇ. ಆಮೇಲೆ 1980, 90ರ ದಶಕಗಳಲ್ಲಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಅಮ್ಮ ದಾರಿಯಲ್ಲಿ ಇದನ್ನೆಲ್ಲ ಆಟೋದವನಿಗೆ ಹೇಳಿದರು. ಅವನು ಆ ಎಳೆಯನ್ನೇ ಹಿಡಿದುಕೊಂಡ.

ಮೊದಲು ಸಾಬರಮತಿ ಆಶ್ರಮ. ಬಾಗಿಲಲ್ಲಿ ಟಿಕೆಟ್ ಅಂತ ತಲೆಗೆ 50 ರೂಪಾಯಿ ಇಸಿದುಕೊಂಡ. ಅಲ್ಲಿ ಟಿಕೆಟ್ಟೇ ಇಲ್ಲ, ಪ್ರವೇಶ ಉಚಿತ. ಗಾಂಧೀಜಿ ವಾಸವಿದ್ದ ಮನೆ ಹೃದಯಕುಂಜದ ಮುಂದೆ ಅಮ್ಮ ಸುಮ್ಮನೆ ಕೂತಿದ್ದರು. “ಲೇಟಾಯ್ತು” ಅಂತ ಎಬ್ಬಿಸಿದ. ಅದು ನನಗೆ ಈಗಲೂ ಬೇಜಾರು.

ಅಲ್ಲಿಂದ ಹಳೇ ಮಿಲ್ ಚಿಮಣಿಯೊಂದರ ಪಕ್ಕದ ಗಲ್ಲಿಯ ಅಂಗಡಿ. “ಮಿಲ್ ಮುಚ್ಚಿದಾಗ ಉಳಿದ ಮಾಲು, ಹೊರಗೆ ಸಿಗಲ್ಲ” ಅಂದ ಆಟೋದವನು. ಅಂಗಡಿಯವರು ಒಂದು ಗಂಟೆಗೂ ಜಾಸ್ತಿ ನಮ್ಮನ್ನು ಬಿಡಲಿಲ್ಲ. ಗುಜರಾತಿನ ಹೆಸರಾಂತ ರೇಷ್ಮೆ ಸೀರೆ ಪಟೋಲಾ ಅಂತ 7,500ಕ್ಕೆ ಒಂದು ಸೀರೆ ಕೊಟ್ಟರು. ತನ್ನ ಅಪ್ಪನ ಮಿಲ್ಲಿನ ನೆನಪಿಗೆ ಅಮ್ಮ ತಗೊಂಡರು.

ದಯವಿಟ್ಟು ಇದನ್ನು ತಿಳಿದುಕೊಳ್ಳಿ. ಪಟೋಲಾ ಮಿಲ್ಲಿನ ಮಾಲೇ ಅಲ್ಲ, ಕೈಮಗ್ಗದ್ದು. ಪಾಟಣ ಊರಿನ ಅಸಲಿ ಪಟೋಲಾದಲ್ಲಿ ಹಾಸು, ಹೊಕ್ಕು ಎರಡೂ ನೂಲಿಗೆ ನೇಯುವ ಮೊದಲೇ ಗಂಟು ಕಟ್ಟಿ ಬಣ್ಣ ಹಾಕುತ್ತಾರೆ. ಒಂದು ಸೀರೆಗೆ ತಿಂಗಳುಗಟ್ಟಲೆ ಬೇಕು, ಬೆಲೆ ಲಕ್ಷಗಳಲ್ಲಿ. ಸೆರಗು ತಿರುಗಿಸಿ ನೋಡಿದರೆ ಎರಡೂ ಕಡೆ ಬಣ್ಣ ಒಂದೇ ಗಾಢ. ನಮ್ಮದು ಹಿಂದೆ ಪೂರಾ ಮಂಕು. ಪಾಲಿಯೆಸ್ಟರ್ ಮೇಲೆ ಪ್ರಿಂಟು. ಊರಿಗೆ ಬಂದ ಮೇಲೆ ಗೊತ್ತಾಯ್ತು.

ದುಡ್ಡಿಗಿಂತ ದೊಡ್ಡ ನಷ್ಟ ಬೇರೆಯದು. ಶಾಹಿಬಾಗ್‌ನ ಕ್ಯಾಲಿಕೋ ಮ್ಯೂಸಿಯಂಗೆ ಹತ್ತೂವರೆಯ ಬುಕಿಂಗ್ ಇತ್ತು. ಬಟ್ಟೆಯ ಬಗ್ಗೆ ದೇಶದಲ್ಲೇ ಅಂಥ ಸಂಗ್ರಹ ಅಪರೂಪ. ಕೆಲವೇ ಜನರನ್ನು ಒಟ್ಟಿಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. ನಾವು ತಲುಪಿದ್ದು ಹನ್ನೊಂದೂಕಾಲಿಗೆ. ಆ ಗುಂಪು ಒಳಗೆ ಹೋಗಿಯಾಗಿತ್ತು. ಮರುದಿನ ಬುಧವಾರ, ಅವರ ರಜೆ. ಅಮ್ಮ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು, “ಹೋಗ್ಲಿ ಬಿಡು” ಅಂದರು.

ಬುಧವಾರ ಬೆಳಿಗ್ಗೆ ಹೆರಿಟೇಜ್ ವಾಕ್‌ಗೆ ಹೋದೆವು. ಹಿಂದಿನ ದಿನವೂ ನಡೆದಿತ್ತು ಅಂತ ಅಲ್ಲೇ ತಿಳಿಯಿತು. ಪೋಳ್ ಅನ್ನೋ ಹಳೇ ಕೇರಿಗಳ ಇಕ್ಕಟ್ಟು ಗಲ್ಲಿಗಳು, ಕೆತ್ತನೆಯ ಮರದ ಮನೆಗಳು, ಹಕ್ಕಿಗೆ ಕಾಳು ಹಾಕುವ ಚಬೂತರಾ. ಇಲ್ಲಿಗೆ ಆಟೋ ನುಗ್ಗುವುದೇ ಕಷ್ಟ. ಕೊನೆಗೆ 1424ರ ಜಾಮಾ ಮಸೀದಿ. ಅಲ್ಲಿಂದ ಮಾಣೇಕ್ ಚೌಕ್, ತೀನ್ ದರ್ವಾಜಾ, ಭದ್ರ ಕೋಟೆ, ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲರಿ ಕಿಟಕಿ ಎಲ್ಲಾ ನಡೆಯುವ ದೂರ. ಆ ಕಾರ್ಡಿನಲ್ಲಿದ್ದ ಐದು ಜಾಗ ಇವೇ!

ಆಶ್ರಮಕ್ಕೆ, ಮ್ಯೂಸಿಯಂಗೆ ಮಾತ್ರ ಆಟೋ ಬೇಕು. ಮೀಟರ್ ಹಾಕಿಸಿ, ಅಲ್ಲಿಗಷ್ಟೇ ಹೋಗಿ, ದುಡ್ಡು ಕೊಟ್ಟು ಕಳಿಸಿಬಿಡಿ. ಕಾಯಿಸಿಕೊಳ್ಳಬೇಡಿ. ಮ್ಯೂಸಿಯಂ ಬುಕಿಂಗ್ ಇರುವ ಬೆಳಿಗ್ಗೆ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ. ನಾನು ಅಮ್ಮನಿಗೆ ಮತ್ತೆ ಬುಕ್ ಮಾಡುತ್ತಿದ್ದೇನೆ, ಈ ಸಲ ಗುರುವಾರಕ್ಕೆ.