ಹತ್ತು ವರ್ಷದ ಎರಡು, ಹನ್ನೆರಡರ ಒಂದು: ಮೂರು ಬರ್ಬನ್ ಅಕ್ಕಪಕ್ಕ

ಬರ್ಬನ್ ಅಂದರೆ ಮುಖ್ಯವಾಗಿ ಮುಸುಕಿನ ಜೋಳದಿಂದ ಮಾಡುವ ಅಮೆರಿಕದ ವಿಸ್ಕಿ. ಇಲ್ಲಿರುವ ಮೂರೂ ಕೆಂಟಕಿಯ ಬಾಟಲಿಗಳು, ಹೆಸರಿನ ಪಕ್ಕದ ಅಂಕಿ ಪೀಪಾಯಿಯಲ್ಲಿ ಕಳೆದ ವರ್ಷಗಳದ್ದು. ಫ್ರಾಂಕ್‌ಫರ್ಟ್‌ನ ಬಫಲೋ ಟ್ರೇಸ್ ಡಿಸ್ಟಿಲರಿಯ ಈಗಲ್ ರೇರ್ 10, ಲಾರೆನ್ಸ್‌ಬರ್ಗ್‌ನ ವೈಲ್ಡ್ ಟರ್ಕಿಯವರ ರಸೆಲ್ಸ್ ರಿಸರ್ವ್ 10, ಜಿಮ್ ಬೀಮ್‌ನವರ ನಾಬ್ ಕ್ರೀಕ್ 12. ಮೊದಲೆರಡರ ವಯಸ್ಸೂ ಒಂದೇ, ಆಲ್ಕೋಹಾಲೂ ಒಂದೇ, ಶೇ. 45. ಹಾಗಾಗಿ ಅವುಗಳ ನಡುವಿನ ವ್ಯತ್ಯಾಸವೆಲ್ಲ ತಯಾರಿಕೆಯದು, ಗೋದಾಮಿನದು. ನಾಬ್ ಕ್ರೀಕ್ ಶೇ. 50. ತೊಡಕು ಇರುವುದು ಇಲ್ಲೇ: ನಾಲಿಗೆಗೆ ತಾಗುವುದು ಹೆಚ್ಚಿನ ಎರಡು ವರ್ಷವೋ, ಹೆಚ್ಚಿನ ಐದು ಪರ್ಸೆಂಟೋ? ಪಕ್ಕಪಕ್ಕ ಇಟ್ಟು ಕುಡಿದವರು ಬಹುಪಾಲು ಸಲ ಕಡಕ್ ಆಗಿರುವುದಕ್ಕೇ ಮಾರ್ಕು ಕೊಡುತ್ತಾರೆ, ಆಮೇಲೆ ಅದನ್ನು ‘ಹಳೆಯದರ ಗತ್ತು’ ಅನ್ನುತ್ತಾರೆ.

ಬಿಡಿಸಿಕೊಳ್ಳಲು ಬೇಕಾದದ್ದು ಮೆಡಿಕಲ್ ಶಾಪಿನ 5 ಮಿ.ಲೀ. ಸಿರಿಂಜ್, ಸೂಜಿ ಬೇಡ. ಪ್ರತಿ ಗ್ಲಾಸಿಗೆ 20 ಮಿ.ಲೀ. ವಿಸ್ಕಿ. ನಾಬ್ ಕ್ರೀಕ್‌ಗೆ 2.2 ಮಿ.ಲೀ. ನೀರು ಸೇರಿಸಿದರೆ ಅದು ಶೇ. 45ಕ್ಕೆ ಇಳಿದು ಮೂರೂ ಸಮ ಆಗುತ್ತವೆ. ನೀರು ಆರ್‌ಒದ್ದಾಗಿರಲಿ, ಬೋರ್‌ವೆಲ್ಲಿನ ಗಡಸು ನೀರು ರುಚಿಯನ್ನು ಸೀಮೆಸುಣ್ಣ ಮಾಡುತ್ತದೆ. ಗ್ಲಾಸ್ ಟ್ಯುಲಿಪ್ ಆಕಾರದ್ದು ಬೇಕು. ಅಗಲ ಬಾಯಿಯ ಟಂಬ್ಲರಿನಲ್ಲಿ ವಾಸನೆ ನಿಲ್ಲುವುದಿಲ್ಲ. ಕೋಣೆ 20ರಿಂದ 22 ಡಿಗ್ರಿ ಇದ್ದರೆ ಸರಿ. ಮಂಗಳೂರಿನ ಮೇ ತಿಂಗಳ 33 ಡಿಗ್ರಿಯಲ್ಲಿ ಮೂಗಿಗೆ ಸ್ಪಿರಿಟ್ ಬಿಟ್ಟು ಬೇರೇನೂ ಸಿಗದು. ಬಾಟಲಿಯನ್ನು ಕಾಲು ಗಂಟೆ ಫ್ರಿಜ್ಜಿನಲ್ಲಿಡಿ, ಐಸ್ ಮಾತ್ರ ಬೇಡ. ಸುರಿದ ಮೇಲೆ ಹತ್ತು ನಿಮಿಷ ಬಿಟ್ಟು, ಬಾಯಿ ಸ್ವಲ್ಪ ತೆರೆದು, ಗ್ಲಾಸನ್ನು ಗಲ್ಲದ ಮಟ್ಟದಿಂದ ಮೇಲಕ್ಕೆ ತನ್ನಿ. ಮೂಗನ್ನು ಒಳಗೇ ತೂರಿಸಿದರೆ ಮುಂದಿನ ಐದು ನಿಮಿಷ ಅದು ಕೆಲಸಕ್ಕೆ ಬಾರದು.

ಈಗಲ್ ರೇರ್ ಮೊದಲ ಮೂಸುವಿಕೆಗೇ ಗೆಲ್ಲುತ್ತದೆ. ಕಿತ್ತಳೆ ಸಿಪ್ಪೆ, ಜೇನು, ಒಂಚೂರು ಕೋಕೋ. ಬಾಯಿಗೆ ಬಂದಾಗ ಇದೇ ಮಾತನ್ನು ಮತ್ತೆ ಹೇಳುತ್ತದೆ, ಹೊಸದೇನೂ ಇಲ್ಲ. ನುಂಗಿದ ಮೇಲೆ ರುಚಿ ಬೇಗ ಹೊರಟುಹೋಗುತ್ತದೆ. ಪರೀಕ್ಷೆಗೆಂದು 2.5 ಮಿ.ಲೀ. ನೀರು ಹಾಕಿ ಶೇ. 40ಕ್ಕೆ ಇಳಿಸಿದರೆ ನೀರುನೀರಾಗಿ ಕುಸಿಯುತ್ತದೆ. ಅಮೆರಿಕದಲ್ಲಿ ಇದಕ್ಕಾಗಿ ನಡೆಯುವ ಪರದಾಟ ನೋಡಿದರೆ ಬಾಟಲಿಗಿಂತ ಹೆಸರು ದೊಡ್ಡದಾಯಿತು ಅನ್ನಬೇಕು.

ರಸೆಲ್ಸ್ ರಿಸರ್ವ್ ತಡವಾಗಿ ಬಾಯಿಬಿಡುವ ಜಾತಿ. ಮೊದಲ ಐದು ನಿಮಿಷ ಬರೀ ವೆನಿಲ್ಲಾ, ಆಮೇಲೆ ಜೋನಿ ಬೆಲ್ಲ, ಚಕ್ಕೆ, ಒಣ ಹೊಗೆಸೊಪ್ಪು. ವೈಲ್ಡ್ ಟರ್ಕಿಯವರು ಪೀಪಾಯಿಯ ಒಳಗನ್ನು ನಾಲ್ಕನೇ ಮಟ್ಟದವರೆಗೆ, ಅಂದರೆ ಮರದ ಮೈ ಮೊಸಳೆ ಚರ್ಮದ ಹಾಗೆ ಬಿರಿಯುವವರೆಗೆ, ಸುಡುತ್ತಾರೆ. ಪೀಪಾಯಿಗೆ ತುಂಬುವುದು ಶೇ. 57.5ರಲ್ಲಿ, ಕಾನೂನು 62.5ರವರೆಗೆ ಬಿಡುತ್ತದೆ. ಕಡಿಮೆ ಕಡಕಿನಲ್ಲಿ ತುಂಬಿದರೆ ಮರದ ಸಕ್ಕರೆಯನ್ನು ಎಳೆಯಲು ನೀರು ಹೆಚ್ಚು ಸಿಗುತ್ತದೆ, ಬಾಟಲಿ ತುಂಬುವಾಗ ಬೆರೆಸಬೇಕಾದ ನೀರೂ ಕಡಿಮೆ. ಶೇ. 40ಕ್ಕೆ ಇಳಿಸಿದಾಗಲೂ ಇದು ಮೈಕಟ್ಟು ಬಿಡಲಿಲ್ಲ. ಕಾರಣ ಇದೇ ಇರಬೇಕು.

ನಾಬ್ ಕ್ರೀಕ್ 12ನ್ನು ನೀರಿಲ್ಲದೆ ಕುಡಿದರೆ ಹುರಿದ ಕಡಲೆಕಾಯಿ, ಸೀದ ಬೆಲ್ಲದ ಪಾಕ. ಚಿಕ್ಕಿಯನ್ನು ಬಾಣಲೆಯಲ್ಲಿ ಒಂದು ನಿಮಿಷ ಜಾಸ್ತಿ ಬಿಟ್ಟ ಹಾಗೆ. ಕಡಲೆಕಾಯಿ ಬೀಮ್ ಮನೆಯ ಗುರುತು, ವಯಸ್ಸಿನದಲ್ಲ. ವಯಸ್ಸು ಕಾಣುವುದು ಕೊನೆಯಲ್ಲಿ, ನಾಲಿಗೆಯ ಅಂಚು ಬಿಗಿಯುವ ಒಗರಿನಲ್ಲಿ. ಅಡಿಕೆ ಚೊಗರು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಎರಡೂ ಕಡೆ ಇರುವುದು ಟ್ಯಾನಿನ್ನೇ, ಇಲ್ಲಿ ಅದು ಪೀಪಾಯಿಯ ಮರದಿಂದ ಇಳಿದದ್ದು. 2.2 ಮಿ.ಲೀ. ನೀರು ಬಿದ್ದ ಮೇಲೆ ಉರಿ ಇಳಿದು ಕಪ್ಪು ಚಾಕೊಲೇಟ್ ಎದ್ದು ಬರುತ್ತದೆ, ಒಗರು ಮಾತ್ರ ಹಾಗೇ ಉಳಿಯುತ್ತದೆ. ಅಲ್ಲಿಗೆ ಉತ್ತರ ಸಿಕ್ಕಿತು: ಉರಿ ಪರ್ಸೆಂಟಿನದು, ಒಗರು ವರ್ಷದ್ದು. 5 ಮಿ.ಲೀ. ಹಾಕಿ ಶೇ. 40ಕ್ಕೆ ಇಳಿಸಿದರೆ ಸಿಹಿ ಹೋಗಿ ಒಗರೊಂದೇ ಉಳಿಯುತ್ತದೆ. ಹಳೆಯ ಬರ್ಬನ್‌ಗೆ ಜನ ನೀರನ್ನು ಅಂದಾಜಿನಲ್ಲಿ ಸುರಿದು ಕೆಡಿಸಿಕೊಳ್ಳುವುದು ಹೀಗೆ.

ಹನ್ನೆರಡು ವರ್ಷಕ್ಕೇ ಇಷ್ಟು ಒಗರೇ ಎಂದು ಸ್ಕಾಚ್ ಕುಡಿಯುವವರು ಕೇಳಬಹುದು. ಸ್ಕಾಚ್‌ನವರು ಹೆಚ್ಚಾಗಿ ಬಳಸಿದ ಪೀಪಾಯಿಯನ್ನೇ ಮತ್ತೆ ತುಂಬುತ್ತಾರೆ. ಬರ್ಬನ್‌ಗೆ ಪ್ರತಿ ಸಲ ಹೊಸದಾಗಿ ಸುಟ್ಟ ಓಕ್ ಬೇಕೆಂಬುದು ಕಾನೂನು. ಜೊತೆಗೆ ಕೆಂಟಕಿಯ ಬೇಸಿಗೆ. ಅಲ್ಲಿ ವರ್ಷಕ್ಕೆ ಸುಮಾರು ಶೇ. 4 ಆವಿಯಾಗುತ್ತದೆ ಎಂದಿಟ್ಟರೆ ಹನ್ನೆರಡು ವರ್ಷಕ್ಕೆ ಪೀಪಾಯಿಯ ಐದರಲ್ಲಿ ಎರಡು ಪಾಲು ಗಾಳಿಗೆ ಹೋಯಿತು. ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಈ ನಷ್ಟ ವರ್ಷಕ್ಕೆ ಶೇ. 10ರಿಂದ 12, ಅದೇ ಲೆಕ್ಕ ಹಾಕಿದರೆ ಉಳಿಯುವುದು ಕಾಲು ಪೀಪಾಯಿ. ಲೇಬಲ್ಲಿನ ಅಂಕಿಯನ್ನು ಊರು ಬಿಟ್ಟು ಓದಬಾರದು. ಆ ಅಂಕಿ ಬಾಟಲಿಯಲ್ಲಿರುವ ಅತಿ ಎಳೆಯ ವಿಸ್ಕಿಯದು ಅನ್ನುವುದನ್ನೂ ಮರೆಯಬೇಡಿ.

ಅಮೆರಿಕದಿಂದ ಊರಿಗೆ ಬರುವವರಿಗೆ ಇನ್ನೊಂದು ಲೆಕ್ಕ. ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್. ಅಲ್ಲಿನ ಬಾಟಲಿ 750 ಮಿ.ಲೀ., ಮೂರು ತಂದರೆ ಕಾಲು ಲೀಟರ್ ಜಾಸ್ತಿ. ಎರಡನ್ನೇ ಆರಿಸಬೇಕಾದರೆ ರಸೆಲ್ಸ್ ರಿಸರ್ವ್ ಮತ್ತು ನಾಬ್ ಕ್ರೀಕ್. ಈಗಲ್ ರೇರ್‌ನ್ನು ಅಲ್ಲೇ ಯಾವುದಾದರೂ ಬಾರಿನಲ್ಲಿ ಒಂದು ಪೆಗ್ ಕುಡಿದು ಬನ್ನಿ.