ತಲೆ ಚರ್ಮ ಮಡಿಕೆ ಬಿದ್ದರೆ ಹೇರ್ ಕ್ಲಿನಿಕ್‌ಗೆ ದುಡ್ಡು ಸುರಿಯಬೇಡಿ

ಮೊದಲು ನೋಡಿದ್ದು ಕಟಿಂಗ್ ಶಾಪಿನ ಹುಡುಗ. ಹಿಂದೆ ಮಷೀನ್ ಓಡಿಸುತ್ತಿದ್ದವನು ನಿಲ್ಲಿಸಿ, "ಏನಣ್ಣಾ ಇದು, ನೇಗಿಲು ಹೊಡೆದ ಹಾಗೆ ಸಾಲು ಬಿದ್ದಿದೆ?" ಅಂದ. ಮುಟ್ಟಿ ನೋಡಿಕೊಂಡೆ. ನೆತ್ತಿಯಿಂದ ಹಿಂದಕ್ಕೆ ನಾಲ್ಕೈದು ದಪ್ಪ ಮಡಿಕೆ, ನಡುವೆ ಬೆರಳ ತುದಿ ಕೂರುವಷ್ಟು ತಗ್ಗು. ನೋವಿಲ್ಲ, ತುರಿಕೆಯಿಲ್ಲ. ಆಗ ನನಗೆ 34 ವರ್ಷ.

ಸೀದಾ ಹೇರ್ ಕ್ಲಿನಿಕ್ಕಿಗೆ ಹೋದೆ. ಅದೇ ನನ್ನ ದಡ್ಡತನ. ಬಿಳಿ ಕೋಟಿನ ಹುಡುಗಿ ಡಾಕ್ಟರೋ ಅಲ್ಲವೋ, ನಾನೂ ಕೇಳಲಿಲ್ಲ. "ರಕ್ತ ಓಡಾಟ ಕಮ್ಮಿಯಾಗಿದೆ ಸರ್, ಎಂಟು ಸಿಟಿಂಗ್‌ನಲ್ಲಿ ಸಮ ಆಗುತ್ತೆ" ಅಂದಳು. 24 ಸಾವಿರ ಮುಂಗಡ ಕಟ್ಟಿದೆ. ಪ್ರತಿ ಭಾನುವಾರ ಬಿಸಿ ಎಣ್ಣೆ, ಮಸಾಜ್, ಸ್ಟೀಮ್.

ಮೂರನೇ ವಾರ ಹೆಂಡತಿ, "ರೀ, ದಿಂಬಿನ ಕವರ್ ವಾಸನೆ ಬರ್ತಿದೆ" ಅಂದಳು. ಸಾಲಿನೊಳಗೆ ಎಣ್ಣೆ, ಬೆವರು, ಹೊಟ್ಟು ಎಲ್ಲ ಸೇರಿ ಕೊಳೆಯುತ್ತಿತ್ತು. ಐದನೇ ಸಿಟಿಂಗ್ ಹೊತ್ತಿಗೆ ಕೀವು ಬಂತು. ಕ್ಲಿನಿಕ್ಕಿನಲ್ಲಿ ಕೇಳಿದರೆ "ಒಳಗಿನ ಕಲ್ಮಶ ಹೊರಗೆ ಬರ್ತಿದೆ, ಒಳ್ಳೇದೇ" ಅಂತೆ! ನಾನೂ ತಲೆಯಾಡಿಸಿ ಬಂದೆ ನೋಡಿ.

ಕೀವಿಗೆಂದು ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಎರಡೂ ಹೆಬ್ಬೆರಳಿನಿಂದ ಮಡಿಕೆಯನ್ನು ಒತ್ತಿ, ಎಳೆದು ನೋಡಿದರು. ಸಮ ಆಗಲಿಲ್ಲ. ಆಮೇಲೆ ಕೇಳಿದ್ದು, "ಚಪ್ಪಲಿ ಎಷ್ಟು ನಂಬರ್?" 8 ಇದ್ದದ್ದು 10 ಆಗಿತ್ತು. ಉಂಗುರ? ಬಿಗಿಯಾಯಿತು ಅಂತ ಬೀರುವಿನಲ್ಲಿಟ್ಟು ವರ್ಷದ ಮೇಲಾಗಿತ್ತು. ದಪ್ಪ ಆಗಿದ್ದೀನಿ ಅಂದುಕೊಂಡಿದ್ದೆ. ಹೆಂಡತಿಯ ಫೋನಿನಲ್ಲಿದ್ದ ಮದುವೆ ಫೋಟೋವನ್ನು ಡಾಕ್ಟರು ನನ್ನ ಮುಖದ ಪಕ್ಕ ಹಿಡಿದರು. ಮೂಗು, ದವಡೆ ಎರಡೂ ಬೇರೆ ಯಾರದ್ದೋ ಅನ್ನಿಸಿತು. ದಿನಾ ನೋಡುವವರಿಗೆ ಗೊತ್ತೇ ಆಗಿರಲಿಲ್ಲ.

ತಲೆಯ ಮಡಿಕೆಗೆ ಕ್ಯೂಟಿಸ್ ವರ್ಟಿಸಿಸ್ ಗೈರೇಟಾ ಅಂತ ಹೆಸರು. ಮೆದುಳಿನ ಮಡಿಕೆಯ ಹಾಗೆ ಕಾಣುತ್ತದೆ. ತುಂಬಾ ಅಪರೂಪ, ಗಂಡಸರಲ್ಲೇ ಜಾಸ್ತಿ. ಕೆಲವರಿಗೆ ಹರೆಯ ಬಂದ ಮೇಲೆ ಸುಮ್ನೆ ಬರುತ್ತದೆ, ಹಿಂದೆ ಬೇರೆ ಕಾಯಿಲೆ ಇರುವುದಿಲ್ಲ. ಶುಚಿಯಾಗಿಟ್ಟುಕೊಂಡರೆ ಸಾಕು, ತೀರಾ ಬೇಸರವಾದರೆ ಆಪರೇಷನ್ ಇದೆ. ಕೆಲವರಿಗೆ ಥೈರಾಯ್ಡ್ ತೊಂದರೆಯಿಂದ, ಇನ್ನು ಕೆಲವರಿಗೆ ಹುಟ್ಟಿನಿಂದಿರುವ ಮಚ್ಚೆ ಬೆಳೆದು ಹೀಗಾಗುತ್ತದೆ. ನನ್ನದು ಅಕ್ರೋಮೆಗಲಿ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣ ಗಡ್ಡೆ, ಅದರಿಂದ ಬೆಳವಣಿಗೆಯ ಹಾರ್ಮೋನ್ ಮಿತಿಮೀರಿತ್ತು. ಐಜಿಎಫ್-1 ಅನ್ನುವ ರಕ್ತ ಪರೀಕ್ಷೆ, ಎಂಆರ್‌ಐ ಎರಡರಲ್ಲೂ ಸಿಕ್ಕಿತು. ಚಿಕಿತ್ಸೆ ಮಾಡಿಸದೆ ಹಾಗೇ ಬಿಟ್ಟರೆ ಶುಗರ್, ಬಿಪಿ, ಹೃದಯ ಎಲ್ಲಕ್ಕೂ ಪೆಟ್ಟು. ಮೂಗಿನ ಮೂಲಕವೇ ಗಡ್ಡೆ ತೆಗೆದರು.

ಹಾಗಾಗಿ ಒತ್ತಿದರೂ ಸಮ ಆಗದ ಮಡಿಕೆ ತಲೆಯಲ್ಲಿ ಕಂಡರೆ ಎಣ್ಣೆ ತಿಕ್ಕಬೇಡಿ. ಸಾಲು ಬಿಡಿಸಿ ತೊಳೆದು, ಒಳಗಿನ ತೇವ ಒರೆಸಿ, ಚರ್ಮದ ಡಾಕ್ಟರಿಗೆ ತೋರಿಸಿ. "ಇದು ಯಾಕೆ ಬಂತು?" ಅಂತ ಕೇಳಿ. ಅದಕ್ಕೆ ಉತ್ತರ ಕೊಡದೆ ಪ್ಯಾಕೇಜ್ ರೇಟ್ ಹೇಳಿದರೆ ಎದ್ದು ಬನ್ನಿ.

ಉಳಿದ ಮೂರು ಸಿಟಿಂಗ್‌ನ ದುಡ್ಡು ಕೇಳಿದ್ದಕ್ಕೆ ಕ್ಲಿನಿಕ್‌ನವರು ಮುಖದ ಫೇಶಿಯಲ್ ಮಾಡಿಕೊಡ್ತೀವಿ ಅಂದರು. ಉಂಗುರ ಈಗ ಬೆರಳಿನ ನಡುಗೆಣ್ಣಿನ ತನಕ ಹೋಗುತ್ತಿದೆ. ಚಪ್ಪಲಿ ಮಾತ್ರ 10ರಲ್ಲೇ ಇದೆ. ಸಾಲುಗಳೂ ಪೂರ್ತಿ ಹೋಗಿಲ್ಲ, ಹಿಂದೆ ಕೂದಲು ಸ್ವಲ್ಪ ಉದ್ದ ಬಿಡಪ್ಪಾ ಅನ್ನುತ್ತೇನೆ.