ಸಮುದ್ರದ ಪಕ್ಕ ನಾಲ್ಕೈದು ದಿನದ ಸೈಕಲ್ ಟೂರ್ ಪ್ಲಾನ್ ಮಾಡೋಕೆ ಬಿರೌಟರ್: ಒಂದು ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ನೋಡೋಕೆ ಚಂದ ಇರೋ ಸೈಟ್ ಅಲ್ಲ ಇದು. ಬಿರೌಟರ್ ವೆಬ್ ಓಪನ್ ಮಾಡಿದ್ರೆ ಒಂದು ಮ್ಯಾಪು, ಪಕ್ಕದಲ್ಲಿ ಒಂದಿಷ್ಟು ಪುಟ್ಟ ಬಟನ್ನು, ಕೆಳಗಡೆ ಒಂದು ಸಾಲು ಅಂಕಿ, ಮುಗೀತು. ಲಾಗಿನ್ ಇಲ್ಲ, ಜಾಹೀರಾತಿಲ್ಲ, ಸೂರ್ಯಾಸ್ತದ ಫೋಟೋ ತೋರಿಸಿ ಆಸೆ ಹುಟ್ಟಿಸೋದಿಲ್ಲ, ದುಡ್ಡಂತೂ ಕೇಳೋದೇ ಇಲ್ಲ. ಓಪನ್ ಸೋರ್ಸ್. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆಯಲ್ಲ, ಜನರೇ ಕೂತು ಬಿಡಿಸಿರೋ ಮ್ಯಾಪು, ಅದರ ಡೇಟಾ ಮೇಲೆ ಇದು ಸೈಕಲ್‌ಗೆ ದಾರಿ ಹುಡುಕುತ್ತೆ. ಬೇರೆ ಕಡೆಗಿಂತ ಕರಾವಳಿ ಟೂರ್‌ಗೇ ಇದು ಜಾಸ್ತಿ ಉಪಯೋಗಕ್ಕೆ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ, ಅದಕ್ಕೇ ಇಷ್ಟುದ್ದ ಬರೀತಿರೋದು.

ಕರಾವಳಿ ಅಂದ್ರೆ ಎಲ್ಲರೂ ಏನ್ ಅಂದ್ಕೋತಾರೆ, ಸಮತಟ್ಟು ರಸ್ತೆ, ಒಂದು ಪಕ್ಕ ನೀರು, ದಾರಿ ತಪ್ಪೋ ಮಾತೇ ಇಲ್ಲ, ಪ್ಲಾನ್ ಯಾಕೆ ಬೇಕು ಅಂತ. ಆದ್ರೆ ಸಮುದ್ರಕ್ಕೆ ತೀರಾ ಹತ್ತಿರ ಇರೋ ರಸ್ತೆ ಅಪರೂಪಕ್ಕೂ ಉದ್ದಕ್ಕೆ ಹೋಗಲ್ಲ. ಎಲ್ಲೋ ಒಂದು ಅಳಿವೆ ಬಂತು ಅಂದ್ರೆ ರಸ್ತೆ ಅಲ್ಲೇ ಖಲಾಸ್, ಸೇತುವೆ ಇರೋದು ಒಳನಾಡಲ್ಲಿ ಎಷ್ಟೋ ದೂರ. ಇಲ್ಲಾಂದ್ರೆ ಗುಡ್ಡ ಸಮುದ್ರದೊಳಗೇ ಚಾಚ್ಕೊಂಡಿರುತ್ತೆ, ಹತ್ತಬೇಕು ಇಳೀಬೇಕು, ಮುಂದಿನ ಹಳ್ಳಕ್ಕೆ ಮತ್ತೆ ಅದೇ. ಬೆಟ್ಟದ ರಸ್ತೇಲಾದ್ರೂ ಒಂದು ಸಲ ಹತ್ತಿದ್ರೆ ಆಯ್ತು, ಇಲ್ಲಿ ಗರಗಸದ ಹಲ್ಲು.

ಅಳಿವೆ ವಿಷಯಕ್ಕೆ ಬಿರೌಟರ್ ಏನ್ ಮಾಡುತ್ತೆ ನೋಡಿ. ಈ ದಡದಲ್ಲಿ ಒಂದು ಕ್ಲಿಕ್, ಆ ದಡದಲ್ಲಿ ಒಂದು ಕ್ಲಿಕ್. ಫೆರಿ ಲೈನ್ ಮ್ಯಾಪಲ್ಲಿ ಯಾರಾದ್ರೂ ಹಾಕಿದ್ರೆ ಗೆರೆ ಸೀದಾ ನೀರಿನ ಮೇಲೇ ಹೋಗುತ್ತೆ. ಈಗ ಪ್ರೊಫೈಲ್ (ಎಂಥಾ ದಾರಿ ಬೇಕು ಅಂತ ಹೇಳೋ ಸೆಟ್ಟಿಂಗ್) ಆಪ್ಶನ್ ತೆಗೆದು ಫೆರಿಗೆ ಹಾಕಿರೋ ಟಿಕ್ ತೆಗೀರಿ, ಅಪ್ಲೈ ಕೊಡಿ, ಅದೇ ಗೆರೆ ದೊಡ್ಡ ಸುತ್ತು ಹಾಕ್ಕೊಂಡು ಸೇತುವೆ ಮೇಲೆ ಬರುತ್ತೆ, ಕೆಳಗಿರೋ ಕಿಲೋಮೀಟರ್ ಅಂಕಿ ಟಪ್ ಅಂತ ಮೇಲೇರುತ್ತೆ. ಎರಡೂ ಫೈಲ್ ಸೇವ್ ಮಾಡ್ಕೊಳ್ಳಿ. ಯಾಕಂದ್ರೆ ಫೆರಿ ಮಳೆಗಾಲದಲ್ಲಿ ಓಡುತ್ತಾ, ಕೊನೇ ಟ್ರಿಪ್ ಎಷ್ಟೊತ್ತಿಗೆ, ಲೋಡ್ ಆಗಿರೋ ಸೈಕಲ್ ಹತ್ತಿಸ್ಕೋತಾರಾ ಅನ್ನೋದನ್ನೆಲ್ಲ ಇದು ಹೇಳಲ್ಲ, ಫೋನ್ ಮಾಡಿ ಕೇಳೋದು ನಿಮ್ಮ ಕೆಲಸ. ಅಲ್ಲಿ ಹೋದ್ಮೇಲೆ ದೋಣಿ ಇಲ್ಲ ಅಂದ್ರೆ ಸುತ್ತು ದಾರಿ ಫೈಲ್ ಜೇಬಲ್ಲಿರುತ್ತೆ.

ಅದೇ ಆಪ್ಶನ್ ಪಟ್ಟೀಲಿ ಟ್ರೆಕ್ಕಿಂಗ್ ಅನ್ನೋ ಸೈಕಲ್ ಟೂರ್ ಪ್ರೊಫೈಲ್‌ಗೆ ಇನ್ನೊಂದು ಇದೆ, ನದಿ, ಕೆರೆ, ಸಮುದ್ರದ ಪಕ್ಕ ಇರೋ ರಸ್ತೆಗೆ ಆದ್ಯತೆ ಕೊಡು ಅಂತ. ಹೈವೇ ಹಿಡಿದು ಹೋಗ್ತಿದ್ದ ಗೆರೆ ನೀರಿನ ಕಡೆಗೆ ವಾಲೋದನ್ನ ನೋಡೋದೇ ಒಂಥರಾ ಖುಷಿ. ಆದ್ರೆ ಕಣ್ಣುಮುಚ್ಚಿ ನಂಬಬೇಡಿ, ನೀರಿನ ಕಡೆ ವಾಲಿದಷ್ಟೂ ಮರಳು ಸಿಗೋ ಚಾನ್ಸೂ ಜಾಸ್ತಿ. ಇದಕ್ಕೆ ಅನಾಲಿಸಿಸ್ ಅನ್ನೋ ಟ್ಯಾಬ್ ಇದೆ, ನಿಮ್ಮ ರೂಟಲ್ಲಿ ಡಾಂಬರು ಎಷ್ಟು ಕಿಲೋಮೀಟರ್, ಜಲ್ಲಿ ಎಷ್ಟು, ಮಣ್ಣು ಎಷ್ಟು ಅಂತ ಒಡೆದು ತೋರಿಸುತ್ತೆ. ನಾನು ಮೊದ್ಲು ನೋಡೋದು ಮಾಹಿತಿ ಇಲ್ಲದ ಭಾಗ ಎಷ್ಟಿದೆ ಅಂತ. ಸಮುದ್ರದ ಪಕ್ಕದ ಒಂದು ಸಣ್ಣ ಗೆರೆಗೆ ಯಾರೂ ಸರ್ಫೇಸ್ ಬರೆದಿಲ್ಲ ಅಂದ್ರೆ ಅದು ಮರಳೇ ಅಂತ ಅಂದ್ಕೊಂಡು ಸ್ಯಾಟಲೈಟ್ ಲೇಯರ್ ಹಾಕಿ ಝೂಮ್ ಮಾಡ್ತೀನಿ. ಹಿಂದೆ ಎರಡು ಬ್ಯಾಗ್ ತೂಗಿಸ್ಕೊಂಡಿರೋ ಸೈಕಲ್, 35 ಎಂಎಂ ಟೈರ್ ಇಟ್ಕೊಂಡು ಒಣ ಮರಳಲ್ಲಿ ಓಡಿಸೋಕಾಗಲ್ಲ, ನೂಕ್ಕೊಂಡೇ ಹೋಗ್ಬೇಕು. ಅನುಮಾನ ಬಂದ ಜಾಗದ ಮೇಲೆ ನೋ-ಗೋ ಅಂತ ಒಂದು ವೃತ್ತ ಎಳೆದುಬಿಟ್ರೆ ಆಯ್ತು, ಆ ಕಡೆ ತಲೆ ಹಾಕಲ್ಲ. ಈ ನೋ-ಗೋ ಒಂದಕ್ಕೇ ನಾನು ಇದಕ್ಕೆ ಫುಲ್ ಮಾರ್ಕ್ಸ್ ಕೊಡ್ತೀನಿ.

ಏರು ಇಳಿವಿನ ಅಂಕಿ ಬಗ್ಗೆ ಸ್ವಲ್ಪ ಎಚ್ಚರ. ಜಗತ್ತಿನ ಬಹುಪಾಲು ಕಡೆ ಇದರ ಎತ್ತರದ ಡೇಟಾಗೆ ಮೂಲ ಎಸ್‌ಆರ್‌ಟಿಎಂ, ಅಂದ್ರೆ 2000ದ ಫೆಬ್ರವರಿಲಿ ಎಂಡೆವರ್ ಸ್ಪೇಸ್ ಶಟಲ್‌ನಿಂದ ರಾಡಾರ್ ಬಿಟ್ಟು ಅಳೆದಿದ್ದು. ಅದರ ಒಂದೊಂದು ಚೌಕ ಹತ್ತಾರು ಮೀಟರ್ ಅಗಲ. ಬಯಲಲ್ಲಿ ಸಾಕಾಗುತ್ತೆ, ಆದ್ರೆ ಕಡಿದಾದ ಗುಡ್ಡ ಕೊರೆದು ಮಾಡಿರೋ ರಸ್ತೇಲಿ ಒಂದೇ ಚೌಕದೊಳಗೆ ಗುಡ್ಡದ ತಲೆ, ರಸ್ತೆ, ಕೆಳಗಿರೋ ಸಮುದ್ರ ಮೂರೂ ಬಂದ್ಬಿಡುತ್ತೆ, ಹಾಗಾಗಿ ಇಲ್ಲದ ಏರು ಗ್ರಾಫಲ್ಲಿ ಹುಟ್ಕೊಳ್ಳುತ್ತೆ. ಸೇತುವೆ ಮತ್ತು ಸುರಂಗದ ಪಾಯಿಂಟ್‌ಗಳಿಗೆ ಇದು ಎತ್ತರ ಹಾಕೋದೇ ಇಲ್ಲ, ಅದು ಒಳ್ಳೇ ಕೆಲಸ, ಇಲ್ಲಾಂದ್ರೆ ಪ್ರತಿ ಸೇತುವೇಲೂ ನೀವು ನದಿಗಿಳಿದು ಹತ್ತಿದ ಹಾಗೆ ಲೆಕ್ಕ ಬರ್ತಿತ್ತು. ಒಟ್ಟು ಏರು ಅಂತ ತೋರಿಸೋದು ಸಣ್ಣಪುಟ್ಟ ಉಬ್ಬುತಗ್ಗನ್ನ ಫಿಲ್ಟರ್ ಮಾಡಿದ ಮೇಲಿನ ಅಂಕಿ. ಕರಾವಳೀಲಿ ಕಾಲು ಹಿಡಿಯೋದೇ ಆ ಸಣ್ಣಪುಟ್ಟದ್ದು, ಆದ್ದರಿಂದ ಅಂಕಿಗಿಂತ ಗ್ರಾಫಿನ ಆಕಾರ ನೋಡಿ, ಎಷ್ಟು ಹಲ್ಲಿದೆ ಅಂತ ಎಣಿಸಿ.

ಇನ್ನು ಇದಕ್ಕೆ ಗೊತ್ತೇ ಇಲ್ಲದ ವಿಷಯ, ಗಾಳಿ. ಮಲ್ಟಿ-ಡೇ ಕರಾವಳಿ ಟೂರಲ್ಲಿ ದೂರಕ್ಕಿಂತ, ಏರಿಗಿಂತ ನಿಮ್ಮನ್ನ ಸುಸ್ತು ಮಾಡೋದು ಗಾಳಿನೇ. ನೀವು 20 ಕಿಮೀ ಸ್ಪೀಡಲ್ಲಿ ಹೋಗ್ತಿದ್ದೀರ, ಎದುರಿಂದ 15 ಕಿಮೀ ಗಾಳಿ ಇದೆ ಅಂದ್ಕೊಳ್ಳಿ, ಮೈಗೆ ಬಡಿಯೋದು 35ರ ಗಾಳಿ, ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರೋದ್ರಿಂದ ಹತ್ರಹತ್ರ ಮೂರು ಪಟ್ಟು. ಇಂಥಾ ದಿನ 80 ಕಿಮೀ ಪ್ಲಾನ್ ಇದ್ರೆ ಕಥೆ ಮುಗೀತು. ಅದಕ್ಕೇ ಯಾವ ತುದಿಯಿಂದ ಶುರು ಮಾಡ್ಬೇಕು ಅನ್ನೋದನ್ನ ಆ ತಿಂಗಳಲ್ಲಿ ಗಾಳಿ ಸಾಮಾನ್ಯವಾಗಿ ಯಾವ ಕಡೆಯಿಂದ ಬೀಸುತ್ತೆ ಅಂತ ನೋಡಿನೇ ತೀರ್ಮಾನ ಮಾಡಿ, ಗಾಳಿ ಮುನ್ಸೂಚನೆ ತೋರಿಸೋ ವಿಂಡಿ ಥರದ ಸೈಟು ಇನ್ನೊಂದು ಟ್ಯಾಬಲ್ಲಿ ತೆರೆದಿರಲಿ. ಬಿರೌಟರಲ್ಲಿ ದಿಕ್ಕು ಬದಲಾಯಿಸೋಕೆ ಒಂದೇ ಬಟನ್, ಒತ್ತಿದ್ರೆ ಒನ್‌ವೇ, ಏರು ಎಲ್ಲ ಲೆಕ್ಕ ಹಾಕಿ ರೂಟ್ ಮತ್ತೆ ಹುಡುಕುತ್ತೆ. ಇದು ಬಿಟ್ಟು ದಿನಾ ಬೀಸೋ ಕಡಲಗಾಳಿ ಬೇರೆ ಇದೆ, ನೆಲ ನೀರಿಗಿಂತ ಬೇಗ ಕಾಯೋದ್ರಿಂದ ಬಿಸಿಲು ಏರಿದ ಹಾಗೆ ಸಮುದ್ರದಿಂದ ನೆಲದ ಕಡೆ ಶುರುವಾಗಿ ಮಧ್ಯಾಹ್ನ ಜೋರಾಗುತ್ತೆ. ರಸ್ತೆ ದಡದ ಉದ್ದಕ್ಕೇ ಇದ್ರೆ ಅದು ಪಕ್ಕದಿಂದ ಹೊಡೆಯುತ್ತೆ, ಬ್ಯಾಗ್ ಕಟ್ಟಿರೋ ಸೈಕಲ್ ಒಳ್ಳೇ ಎಳೆದಾಡುತ್ತೆ. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ದಿನದ ಮುಕ್ಕಾಲು ಭಾಗ ಮುಗಿಸೋ ಥರ ಇಟ್ಕೊಳ್ಳಿ.

ಗಾಳಿ ಎರಡೂ ಕಡೆ ಒಂದೇ ಥರ ಇದ್ರೆ, ವಾಹನಗಳು ಎಡಗಡೆ ಓಡೋ ದೇಶದಲ್ಲಿ ಸಮುದ್ರ ನಿಮ್ಮ ಎಡಕ್ಕೆ ಬರೋ ದಿಕ್ಕನ್ನೇ ಆರಿಸ್ಕೊಳ್ಳಿ, ಬಲಗಡೆ ಓಡೋ ಕಡೆ ಬಲಕ್ಕೆ. ನಿಲ್ಲಬೇಕು ಅನ್ಸಿದಾಗ ರಸ್ತೆ ದಾಟೋದು ತಪ್ಪುತ್ತೆ, ನೋಟಕ್ಕೆ ಅಡ್ಡ ಲಾರಿನೂ ಬರಲ್ಲ.

ಉಬ್ಬರ ಇಳಿತನೂ ಇದಕ್ಕೆ ಗೊತ್ತಿಲ್ಲ. ಕೆಲವು ಕಡೆ ದ್ವೀಪಕ್ಕೋ ಕೊಲ್ಲಿ ದಾಟೋಕೋ ಇರೋ ತಗ್ಗು ರಸ್ತೆ ಉಬ್ಬರ ಬಂದಾಗ ನೀರಲ್ಲಿ ಮುಳುಗುತ್ತೆ, ಮ್ಯಾಪಲ್ಲಿ ಮಾತ್ರ ಮಾಮೂಲಿ ರಸ್ತೆ ಥರ ಕಾಣ್ಬಹುದು. ಸಾಮಾನ್ಯವಾಗಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದ್ರೆ ದಿನಾ 50 ನಿಮಿಷ ಮುಂದಕ್ಕೆ ಹೋಗುತ್ತೆ. ಮೊದಲನೇ ದಿನ ಬೆಳಗ್ಗೆ 8ಕ್ಕೆ ಇಳಿತ ಇತ್ತು ಅಂತ ನಾಲ್ಕನೇ ದಿನಾನೂ 8ಕ್ಕೇ ಹೋಗಿ ನಿಂತ್ರೆ ಆಗಲ್ಲ, ಅವತ್ತು ಹತ್ತೂವರೆ ಸುಮಾರಿಗೆ. ಆ ಜಾಗದ ಟೈಡ್ ಟೇಬಲ್ ನೋಡಿ ದಿನ ಹೊಂದಿಸ್ಕೊಳ್ಳಲೇಬೇಕು.

ದೊಡ್ಡ ಕೊರತೆ ಅಂದ್ರೆ ಇಡೀ ರೂಟನ್ನ ದಿನಗಳಾಗಿ ಹಂಚೋ ಸೌಲಭ್ಯ ಇಲ್ಲ. ದುಡ್ಡು ಕೊಟ್ಟು ಬಳಸೋ ಆ್ಯಪ್‌ಗಳಲ್ಲಿ ಇದೆ, ಆದ್ರೆ ಅದನ್ನ ನೋಡಿ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಒಂದು ಆ್ಯಪು, ಹೆಸರು ಬೇಡ ಬಿಡಿ, ನನ್ನ ರೂಟನ್ನ ಸರಿಸಮ ತುಂಡು ಮಾಡಿ ರಾತ್ರಿ ಹಾಲ್ಟನ್ನ ಉಪ್ಪಿನ ಗದ್ದೆಗಳ ಮಧ್ಯ ತಂದಿಟ್ಟಿತ್ತು, ಸುತ್ತ ಒಂದು ಮನೆನೂ ಇಲ್ಲ. ಹಾಗಾಗಿ ನಾನು ಉಲ್ಟಾ ಮಾಡೋದು: ಮೊದ್ಲು ಮಲಗೋ ಊರುಗಳನ್ನ ಮಾರ್ಕ್ ಮಾಡ್ತೀನಿ, ಆಮೇಲೆ ಒಂದೊಂದು ದಿನದ ಗೆರೆ ಬೇರೆ ಬೇರೆ ಎಳೀತೀನಿ. ಎರಡು ಫೆರಿ ಇರೋ ದಿನ 50 ಕಿಮೀ ದಾಟಿಸಲ್ಲ, ಕಾಯೋದ್ರಲ್ಲೇ ಅರ್ಧ ದಿನ ಹೋಗುತ್ತೆ. ಅಕೌಂಟ್ ಇಲ್ಲದ್ದರಿಂದ ರೂಟ್ ಎಲ್ಲೂ ತಾನಾಗಿ ಸೇವ್ ಆಗಲ್ಲ, ಪಾಯಿಂಟ್‌ಗಳೆಲ್ಲ ಬ್ರೌಸರ್ ಲಿಂಕಲ್ಲೇ ಇರುತ್ತೆ, ಆ ಲಿಂಕನ್ನ ಕಾಪಿ ಮಾಡಿ ಜೊತೆಗೆ ಬರೋರಿಗೆ ಕಳಿಸಿದ್ರೆ ಅವರೂ ತೆರೆದು ಎಳೆದಾಡಬಹುದು.

ಎಕ್ಸ್‌ಪೋರ್ಟ್ ಜಿಪಿಎಕ್ಸ್ (ದಾರಿಯ ಗೆರೆಯನ್ನ ಬೇರೆ ಸಾಧನಕ್ಕೆ ಒಯ್ಯೋ ಫೈಲ್) ಆಗಿ ಮಾಡಿ, ದಿನಕ್ಕೊಂದು ಫೈಲ್, ಹೆಸರಲ್ಲಿ ದಿನದ ನಂಬರ್ ಇರಲಿ. ಸೈಕಲ್ ಕಂಪ್ಯೂಟರ್‌ಗೆ ಹಾಕಿದ್ಮೇಲೆ ದಾರಿ ಮತ್ತೆ ಲೆಕ್ಕ ಹಾಕೋ ಸೆಟ್ಟಿಂಗ್ ಆಫ್ ಮಾಡಿ, ಇಲ್ಲಾಂದ್ರೆ ಒಂದು ತಿರುವು ತಪ್ಪಿದ ತಕ್ಷಣ ಅದು ತನಗೆ ತೋಚಿದ ಹೈವೇಗೆ ಕರ್ಕೊಂಡ್ಹೋಗುತ್ತೆ, ನೀವು ಕೂತು ಎಳೆದ ನೋ-ಗೋ ವೃತ್ತಗಳು ಅದಕ್ಕೆ ಗೊತ್ತಿರಲ್ಲ. ಆಂಡ್ರಾಯ್ಡ್ ಫೋನ್ ಇದ್ರೆ ಬಿರೌಟರ್ ಆ್ಯಪನ್ನೂ ಹಾಕ್ಕೊಳ್ಳಿ, ಹೋಗೋ ಜಾಗದ 5 ಡಿಗ್ರಿ (ಅಕ್ಷಾಂಶ, ರೇಖಾಂಶದ ಲೆಕ್ಕದಲ್ಲಿ) ಚೌಕದ ಡೇಟಾ ವೈಫೈ ಇರೋವಾಗ್ಲೇ ಇಳಿಸ್ಕೊಂಡು ಓಸ್ಮ್‌ಆ್ಯಂಡ್ ಅನ್ನೋ ಮ್ಯಾಪ್ ಆ್ಯಪ್ ಜೊತೆ ಸೇರಿಸಿದ್ರೆ ನೆಟ್‌ವರ್ಕ್ ಇಲ್ಲದ ಕಡೆ ಫೆರಿ ಕ್ಯಾನ್ಸಲ್ ಆದ್ರೂ ಅಲ್ಲೇ ನಿಂತು ಹೊಸ ದಾರಿ ಹುಡುಕ್ಬಹುದು.